ದಿಮ್ಮಿ ಕಟ್ಟೆಯ ಮೇಲೆ ನಿಂತ ಕಾರು

ತಣ್ಣಗಿದ್ದಾಗ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಊರ ಹೊರಗಿನ ಹಾಲಿನ ಡೇರಿ ದಾಟಿ, ಕ್ಯಾಸಂಬಳ್ಳಿ ರಸ್ತೆ ಹತ್ತಿ, ಹತ್ತು ಹನ್ನೆರಡು ನಿಮಿಷ ಓಡಿದ ಮೇಲೆ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಅರ್ಧ ಗಂಟೆ ನೆರಳಲ್ಲಿ ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಹೊರಡುತ್ತಿತ್ತು. ಈ ಒಂದು ರೋಗಕ್ಕಾಗಿ ನಾನು ಮೂರು ದಿನ ಬಂಗಾರಪೇಟೆಯಿಂದ ಬೈಕಿನಲ್ಲಿ ಓಡಾಡಿದೆ. ರೋಗ ಗೊತ್ತಾದದ್ದು ಮೂರನೆಯ ದಿನ. ಉಳಿದದ್ದೂ ಆದದ್ದು ಅದೇ ದಿನ.

ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಧಿಕಾರಿಗಳು ಓಡಿಸುತ್ತಿದ್ದ ಕಪ್ಪು ಇಂಗ್ಲಿಷ್ ಕಾರು ಅದು. ಗುಂಡನೆಯ ದೀಪ, ಎರಡೂ ಪಕ್ಕ ಕಾಲಿಡುವ ಫುಟ್‌ಬೋರ್ಡ್. ಯಾವುದೋ ಬಂಗಲೆಯ ಶೆಡ್ಡಿನಲ್ಲಿ ಕೊಳೆಯುತ್ತಿದ್ದದ್ದನ್ನು ತಂದು, ಬಣ್ಣ ಹೊಡೆಸಿ, ದನದ ಕೊಟ್ಟಿಗೆಯ ಅರ್ಧ ಭಾಗ ಖಾಲಿ ಮಾಡಿ ಅದರಲ್ಲಿ ನಿಲ್ಲಿಸಿದ್ದರು ಯಜಮಾನರು. ಹಸು ಸಾಕಿ ಹಾಲು ಹಾಕುವವರು, ನನಗಿಂತ ಹತ್ತು ವರ್ಷ ದೊಡ್ಡವರು. ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಈಗ ಕೋರಮಂಡಲ್ ಕಡೆಯ ಗಣಿಮಣ್ಣಿನ ದಿಬ್ಬಗಳಿಗೆ ಬರುತ್ತಾರೆ. ದಿಬ್ಬದ ಮುಂದೆ ಈ ಕಾರು ನಿಂತರೆ ಫೋಟೋ ಚೆನ್ನಾಗಿ ಬರುತ್ತದೆ. ಅದಕ್ಕೇ ಕಾರು. ನಾಲ್ಕನೆಯ ದಿನ ಬೆಳಿಗ್ಗೆ ಒಂದು ಜೋಡಿ ಬರುವುದಿತ್ತು.

ಮನೆಯಲ್ಲಿ ಇನ್ನಿಬ್ಬರು. ಯಜಮಾನರ ಅಕ್ಕ, ಅವರ ಗಂಡ. ಗಂಡ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಹತ್ತೊಂಬತ್ತು ವರ್ಷ ಟಿಂಬರ್ ಮೇಸ್ತ್ರಿ. ಅಂದರೆ ಭೂಮಿಯೊಳಗೆ ಬಂಡೆ ಬೀಳದ ಹಾಗೆ ಮರದ ದಿಮ್ಮಿಗಳ ಆಸರೆ ಕಟ್ಟುವ ಕೆಲಸ. ಗಣಿ ಮುಚ್ಚಿದ ಮೇಲೆ ಕೆಲಸ ಹೋಯಿತು, ಶ್ವಾಸಕೋಶ ಮೊದಲೇ ಹೋಗಿತ್ತು. ಗಂಡ ಹೆಂಡತಿ ಇಬ್ಬರೂ ತಮ್ಮನ ಮನೆ ಸೇರಿದರು. ಅಕ್ಕ ಹಾಲು ಕರೆಯುತ್ತಾರೆ, ಭಾವ ಸಗಣಿ ಬಾಚುತ್ತಾರೆ. ನಾನು ಅವರನ್ನು ಮೇಸ್ತ್ರಿ ಎನ್ನುತ್ತಿದ್ದೆ. ಆ ಮನೆಯಲ್ಲಿ ಹಾಗೆ ಕರೆದವನು ನಾನೊಬ್ಬನೇ ಇರಬೇಕು. ಮೊದಲ ಸಲ ಕರೆದಾಗ ಅವರು ಹಿಂದೆ ತಿರುಗಿ ಯಾರಾದರೂ ಬಂದರೇ ಎಂದು ನೋಡಿದರು.

ಮೊದಲ ದಿನ ನಾನು ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಬದಲಾಯಿಸಿದೆ. ನನ್ನ ಡಿಗ್ರಿ ಎಲೆಕ್ಟ್ರಾನಿಕ್ಸ್, ಕೆಲಸ ಕಾರಿನ ವೈರಿಂಗ್. ಬಿಸಿಯಾದಾಗ ನಿಲ್ಲುವ ಹಳೆಯ ಕಾರೆಂದರೆ ಕಾಯಿಲ್ ಕೆಟ್ಟಿದೆ ಎಂದು ಕಣ್ಣು ಮುಚ್ಚಿ ಹೇಳಿದೆ. ಹನ್ನೊಂದನೆಯ ನಿಮಿಷಕ್ಕೆ ನಿಂತಿತು. ಎರಡನೆಯ ದಿನ ಕಂಡೆನ್ಸರ್ ಬದಲಾಯಿಸಿ, ಪಾಯಿಂಟ್ ಉಜ್ಜಿ, ಪ್ಲಗ್ ನಾಲ್ಕೂ ಹೊಸದು ಹಾಕಿದೆ. ನಿಂತಿತು. ಹುಣಸೆ ಮರದ ಕೆಳಗೆ ಕಾರು ತಳ್ಳಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಯಜಮಾನರು ಕೇಳಿದರು, "ಏನ್ ಸಾರ್, ಕಾಲೇಜಲ್ಲಿ ಇಂಜಿನ್ ತೋರ್ಸಿದ್ರೋ, ಬರೀ ಪಟ ತೋರ್ಸಿದ್ರೋ?"

ಮೂರನೆಯ ದಿನ ನನಗೆ ಬುದ್ಧಿ ಬಂತು. ಕಾರು ನಿಂತ ಕೂಡಲೇ ಒಂದು ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ, ಯಜಮಾನರಿಗೆ ಸೆಲ್ಫ್ ಹೊಡೆಯಲು ಹೇಳಿದೆ. ನೀಲಿ ಕಿಡಿ ಚೆನ್ನಾಗಿಯೇ ಹಾರಿತು. ಹಾಗಾದರೆ ಕರೆಂಟಿನ ದೋಷವಲ್ಲ. ಪೆಟ್ರೋಲ್ ಪಂಪಿನ ಮೇಲಿರುವ ಗಾಜಿನ ಬಟ್ಟಲು ನೋಡಿದೆ. ಒಳಗೆ ಪೆಟ್ರೋಲಿನ ಬದಲು ಗುಳ್ಳೆಗಳು. ಪೆಟ್ರೋಲ್ ದಾರಿಯಲ್ಲೇ ಕುದಿದು ಆವಿಯಾಗುತ್ತಿತ್ತು, ಪಂಪು ಆವಿಯನ್ನು ಎಳೆಯಲಾರದೆ ಸೋಲುತ್ತಿತ್ತು. ಕಾರು ತಣ್ಣಗಾದ ಮೇಲೆ ಕೊಟ್ಟಿಗೆಗೆ ತಂದು, ನೆಲಕ್ಕೆ ಮಲಗಿ ಟಾರ್ಚ್ ಬಿಟ್ಟೆ. ಹಿಂದಿನ ಟ್ಯಾಂಕಿನಿಂದ ಬರುವ ತಾಮ್ರದ ಪೈಪನ್ನು ಯಾರೋ ಹೊಗೆಕೊಳವೆಗೆ ಅಂಟಿಸಿದ ಹಾಗೆ ಎಳೆದು, ಎರಡನ್ನೂ ಒಂದೇ ಕ್ಲಾಂಪಿನಲ್ಲಿ ಬಿಗಿದಿದ್ದರು. ಉರಿಯುವ ಕೊಳವೆ, ಅದರ ಮಗ್ಗುಲಲ್ಲಿ ಪೆಟ್ರೋಲ್.

ಕ್ಲಾಂಪಿನ ಬೋಲ್ಟು ಬಿಚ್ಚಿ ಪೈಪನ್ನು ಒಂದು ಗೇಣು ದೂರ ಸರಿಸಿದರೆ ಮುಗಿಯಿತು. ಆದರೆ ಬೋಲ್ಟು ತುಕ್ಕು ಹಿಡಿದು ಒಂದೇ ಕಬ್ಬಿಣವಾಗಿತ್ತು. ಪೆಟ್ರೋಲ್ ಪಕ್ಕದಲ್ಲಿ ಗ್ಯಾಸ್ ಹಚ್ಚಿ ಕಾಯಿಸುವ ಹಾಗಿಲ್ಲ. ಗರಗಸ ಆಡಿಸಲು ಜಾಗವಿಲ್ಲ. ಉದ್ದನೆಯ ಸ್ಪ್ಯಾನರ್ ಹಾಕಿ ಎಳೆಯಬೇಕು, ಅದಕ್ಕೆ ಕಾರಿನ ಹಿಂಭಾಗ ಎತ್ತಬೇಕು. ಯಜಮಾನರ ಹತ್ತಿರ ಇದ್ದದ್ದು ಒಂದೇ ಸ್ಕ್ರೂ ಜಾಕಿ.

"ಬಂಗಾರಪೇಟೇಲಿ ನನ್ನ ಅಂಗಡೀಲಿ ಕಬ್ಬಿಣದ ಸ್ಟ್ಯಾಂಡ್ ನಾಲ್ಕಿವೆ. ಹೋಗಿ ತಂದುಬಿಡ್ತೀನಿ, ಒಂದೂವರೆ ಗಂಟೆ," ಎಂದೆ.

"ನೀವು ಓಗಿ, ಬಂದು, ಎತ್ತಿ, ಇಳ್ಸಿ... ಆಮ್ಯಾಕೆ ಓಡ್ಸಿ ನೋಡೋದ್ಯಾವಾಗ? ಬೆಳಿಗ್ಗೆ ಏಳಕ್ಕೆ ಜೋಡಿ ಬತ್ತದೆ."

ಬಾಗಿಲ ಹತ್ತಿರ ಸಗಣಿ ಬುಟ್ಟಿ ಇಳಿಸುತ್ತಿದ್ದ ಮೇಸ್ತ್ರಿ ಆಗ ಮಾತಾಡಿದರು. "ದಿಮ್ಮಿ ಐತಲ್ಲ ತಂಬಿ. ನಾನು ಕಟ್ಟೆ ಕಟ್ಕೊಡ್ತೀನಿ. ಬೆಟ್ಟ ನಿಲ್ಸಿದ್ ಕೈ ಇದು, ಒಂದು ಕಾರು ನಿಲ್ಲಾಕಿಲ್ವಾ?"

ಕೊಟ್ಟಿಗೆಯ ಹಿಂದೆ ಸೌದೆಗೆಂದು ಕಡಿದಿಟ್ಟ ನೀಲಗಿರಿ ದಿಮ್ಮಿಗಳಿದ್ದವು. ಒಂದೊಂದನ್ನೂ ಎತ್ತಿ, ಕೊಡಲಿಯ ಹಿಂಬದಿಯಿಂದ ತಟ್ಟಿ, ಕಿವಿಯ ಹತ್ತಿರ ತಂದು ಕೇಳಿ, ಹತ್ತರಲ್ಲಿ ಆರನ್ನು ಪಕ್ಕಕ್ಕೆ ಬಿಸಾಡಿದರು. ಉಳಿದವನ್ನು ಎರಡೆರಡಾಗಿ ಅಡ್ಡ ಉದ್ದ ಪೇರಿಸಿ, ಹಿಂದಿನ ಎರಡೂ ಮಗ್ಗುಲಲ್ಲಿ ಚಾಸಿಸ್ ಕೆಳಗೆ ಒಂದೊಂದು ಚೌಕದ ಕಟ್ಟೆ ನಿಲ್ಲಿಸಿದರು. ಜಾಕಿಯಲ್ಲಿ ನಾನು ಸ್ವಲ್ಪ ಎತ್ತಿದರೆ ಅವರೊಂದು ಸಾಲು ಏರಿಸುವರು. ಕೊನೆಗೆ ಮೇಲಿನ ಸಂದಿಗೆ ಮರದ ಬೆಣೆ ಹೊಡೆದು, ನನ್ನ ಕೈಲಿ ಜಾಕಿ ಇಳಿಸಿ, ಮತ್ತೆ ಪ್ರತಿ ದಿಮ್ಮಿ ತಟ್ಟಿದರು. "ಕೇಳು ತಂಬಿ. ಟಣ್ ಅಂದ್ರೆ ಭಾರ ಒತ್ಕೊಂಡೈತೆ. ಡೊಬ್ ಅಂದ್ರೆ ಸುಮ್ನೆ ಕೂತೈತೆ." ಎಲ್ಲವೂ ಟಣ್ ಎಂದವು. ಅಷ್ಟು ಹೊತ್ತು ಅವರಿಗೆ ಒಂದು ಸಲವೂ ಕೆಮ್ಮು ಬರಲಿಲ್ಲ.

ಯಜಮಾನರು ಕಾಲಿನ ತುದಿಯಿಂದ ಕಟ್ಟೆಯನ್ನು ಮುಟ್ಟಿ ನೋಡಿದರು. "ನೋಡಿ ಸಾರ್. ಹತ್ತೊಂಬತ್ತು ವರ್ಷ ಬಂಗಾರದ ಗಣೀಲಿದ್ದ ನಮ್ ಬಾವ. ನಮ್ಮಕ್ಕನ ಮೂಗಿಗೊಂದು ಬೊಟ್ಟು ತರ್ಲಿಲ್ಲ. ಸೌದೆ ಜೋಡ್ಸೋದು ಕಲ್ತ್ಕೊಂಡ್ ಬಂದ."

ಮೇಸ್ತ್ರಿ ಕೇಳದವರ ಹಾಗೆ ಇನ್ನೊಂದು ಬೆಣೆ ಕೆತ್ತುತ್ತಿದ್ದರು.

ನನಗೆ ಎರಡು ಅನುಮಾನಗಳಿದ್ದವು. ದನದ ಕೊಟ್ಟಿಗೆಯ ನೆಲ ಸಮವಿರುವುದಿಲ್ಲ. ಗಂಜಲ ಹರಿದು ಹೋಗಲೆಂದು ಅದನ್ನು ಕಾಲುವೆಯ ಕಡೆಗೆ ಇಳಿಜಾರಾಗಿಯೇ ಮಾಡಿರುತ್ತಾರೆ. ಇಲ್ಲಿ ಕಾಲುವೆ ಕಾರಿನ ಎಡ ಭಾಗದ ಕೆಳಗೇ ಹಾದಿತ್ತು, ಒಂದು ಗೇಣು ಆಳ. ಎರಡನೆಯದು, ಗಣಿಯಲ್ಲಿ ಬಂಡೆ ಕೆಳಕ್ಕೆ ಒತ್ತುತ್ತದೆ. ನಾವು ಸ್ಪ್ಯಾನರ್ ಹಾಕಿ ಜಗ್ಗಿದರೆ ಕಾರು ಪಕ್ಕಕ್ಕೆ ಒತ್ತುತ್ತದೆ. ಮೇಲಿನ ಭಾರಕ್ಕೆ ಕಟ್ಟಿದ ಕಟ್ಟೆ ಪಕ್ಕದ ಒತ್ತಡ ತಡೆಯುತ್ತದೆಯೇ? ಇದನ್ನು ಹೇಳುತ್ತ ಎಡಗಡೆಯ ಬೆಣೆಗೆ ಕೈ ಹಾಕಿದೆ. ಮೇಸ್ತ್ರಿ ನನ್ನ ಮಣಿಕಟ್ಟು ಹಿಡಿದರು.

"ಮುಟ್ಬಾರ್ದು ತಂಬಿ. ಒಬ್ಬ ಕಟ್ಟಿದ್ ಕಟ್ಟೆ ಇನ್ನೊಬ್ಬ ಮುಟ್ಬಾರ್ದು. ಮತ್ತೆ, ಕಟ್ಟಿದೋನೇ ಮೊದ್ಲು ಕೆಳಕ್ಕೋಗ್ಬೇಕು. ಒಳಗೆ ನಮ್ಗೆ ಅದೇ ಕಾನೂನು. ಸ್ಪ್ಯಾನರ್ ಇಲ್ಕೊಡು."

ಬೋಲ್ಟು ಬಿಚ್ಚುವುದು ನನ್ನ ಕೆಲಸವಾಗಿತ್ತು. ಕಾರಿನ ಕೆಳಗೆ ಇರಬೇಕಾದವನು ನಾನು. ಸ್ಪ್ಯಾನರ್ ಕೊಟ್ಟೆ.

ನಾನು ಏನೇನು ಎಚ್ಚರಿಕೆ ತೆಗೆದುಕೊಂಡೆ ಎಂಬುದನ್ನೂ ಹೇಳಬೇಕು. ಟ್ಯಾಂಕಿನ ಪೆಟ್ರೋಲನ್ನೆಲ್ಲ ಕ್ಯಾನಿಗೆ ಇಳಿಸಿ ಹೊರಗಿಟ್ಟೆ. ಬ್ಯಾಟರಿಯ ವೈರು ಬಿಚ್ಚಿದೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಬೆಂಕಿಯ ಭಯ ಅಷ್ಟಿತ್ತು. ಕ್ಲಾಂಪಿನ ಕಡೆ ಕೈ ಆಡಲೆಂದು ಹಿಂದಿನ ಎಡ ಚಕ್ರವನ್ನೂ ಬಿಚ್ಚಿದೆ. ಬಿಚ್ಚಿದ ಚಕ್ರವನ್ನು ಕಾರಿನ ಕೆಳಗೇ ಮಲಗಿಸಿಡಬೇಕು, ಕಾರು ಬಿದ್ದರೂ ಅದರ ಮೇಲೆ ಬೀಳಲಿ ಎಂದು. ಈ ಕೆಲಸದಲ್ಲಿ ಮೊದಲು ಕಲಿಯುವ ಪಾಠವೇ ಅದು. ಕಟ್ಟೆ ಜಾಗ ತಿಂದಿತ್ತು. ಚಕ್ರವನ್ನು ಗೋಡೆಗೆ ಒರಗಿಸಿದೆ.

ಮೇಸ್ತ್ರಿ ಗೋಣಿಚೀಲ ಹಾಸಿಕೊಂಡು ಒಳಗೆ ಸರಿದರು. ಬೆನ್ನು ಕಾಲುವೆಗೆ ಅಡ್ಡವಾಗಿ ಬಂತು, ಕಾಲು ಹೊರಗೆ ಉಳಿಯಿತು. ಸ್ಪ್ಯಾನರ್ ಬೋಲ್ಟಿಗೆ ಕೂತ ಸದ್ದು ಕೇಳಿದೆ.

ಗಣಿಯೊಳಗೆ ಬಂಡೆ ಸಿಡಿದು ಮೇಸ್ತ್ರಿ ಒಂದು ಇಡೀ ಪಾಳಿ ಕತ್ತಲಲ್ಲಿ ಸಿಕ್ಕಿಕೊಂಡಿದ್ದರಂತೆ. ಅದನ್ನು ನನಗೆ ಹೇಳಿದವರು ಯಜಮಾನರೇ, ಮೊದಲ ದಿನ, ನಗುತ್ತ. ಅಂದಿನಿಂದ ಭಾವನಿಗೆ ದೊಡ್ಡ ಸದ್ದು ಆಗುವುದಿಲ್ಲವೆಂದೂ, ದೀಪಾವಳಿಯಲ್ಲಿ ಹಸುಗಳ ಮಧ್ಯೆ ಹೋಗಿ ಕೂರುತ್ತಾನೆಂದೂ ಹೇಳಿದ್ದರು. ಈಗ ಯಜಮಾನರು ನನ್ನ ಕಡೆ ಕಣ್ಣು ಮಿಟುಕಿಸಿ, ಅಂಗೈ ಎತ್ತಿ ಮಡ್‌ಗಾರ್ಡಿನ ಮೇಲೆ ಬಲವಾಗಿ ಬಡಿದರು.

"ಬಾವಾ, ಬಂಡೆ ಬಂತೂ!"

ಕೆಳಗೆ ಇಡೀ ದೇಹ ನೆಗೆದು ಹಣೆ ಚಾಸಿಸ್ಸಿಗೆ ಬಡಿಯಿತು. ಹೊರಗಿದ್ದ ಎರಡು ಕಾಲುಗಳು ತುಳಿದಾಡಿದವು. ನಾನು ನಕ್ಕೆ. ಏಕೆಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎರಡು ದಿನ ನನ್ನನ್ನು ಚುಚ್ಚಿದ ಮನುಷ್ಯ ಈಗ ಇನ್ನೊಬ್ಬರನ್ನು ಚುಚ್ಚಿದ. ನನ್ನನ್ನು ತನ್ನ ಕಡೆಗೆ ಸೇರಿಸಿಕೊಂಡ. ಅದರ ಸಮಾಧಾನದ ನಗೆ ಅದು. ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಹಾಲಿನ ಚೆಂಬು ಹಿಡಿದು ನಿಂತಿದ್ದ ಅಕ್ಕ ಕೂಗಿದರು. "ಲೇ, ಬಿಡ್ಲಾ! ಅದೇನು ಆಟನಾ?"

"ನೀನು ಸುಮ್ನಿರಕ್ಕ. ಬೆಟ್ಟ ನಿಲ್ಸಿದ್ ಕೈಯಂತೆ. ಎಂಗೆ ನಿಲ್ತದೋ ನೋಡಾನ."

ಆಗಲೇ ನಾನು ಎಡ ಕಟ್ಟೆಯನ್ನು ನೋಡಿದ್ದು. ಆ ಒಂದು ಏಟಿಗೆ ಬೆಣೆ ಒಂದು ಬೆರಳಷ್ಟು ಹೊರಗೆ ಬಂದಿತ್ತು. ಮೇಲಿನ ದಿಮ್ಮಿ ಕಾಲುವೆಯ ಕಡೆಗೆ ಸ್ವಲ್ಪ ಓರೆಯಾಗಿತ್ತು. ಸ್ಪಷ್ಟವಾಗಿ ನೋಡಿದೆ. ಮುಟ್ಟಬಾರದು ಎಂದಿದ್ದರು ಮೇಸ್ತ್ರಿ. ಹೇಳಬಾರದು ಎಂದಿರಲಿಲ್ಲ. ಬಾಯಿ ತೆರೆಯಲು ಯೋಚಿಸುತ್ತಿದ್ದೆ. ಹೇಳಿದರೆ ಮತ್ತೆ ಡಿಗ್ರಿಯ ಮಾತು ಬರುತ್ತದೆ ಎಂದು ಅಳುಕುತ್ತಿದ್ದೆ. ಈಗ ಲೆಕ್ಕ ಹಾಕಿದರೆ ನಾಲ್ಕೈದು ಸೆಕೆಂಡು. ಯಜಮಾನರು ಅಷ್ಟರಲ್ಲಿ ಬಾಗಿಲು ತೆಗೆದು ಸ್ಟಿಯರಿಂಗ್ ಹಿಂದೆ ಕೂತು, ತೊಟ್ಟಿಲಲ್ಲಿ ಕೂತ ಮಗುವಿನ ಹಾಗೆ ಆ ಕಡೆ ಈ ಕಡೆ ವಾಲಾಡಿದರು. ಒಂದು ಸಲ. ಎರಡನೆಯ ಸಲಕ್ಕೆ ಎಡ ಕಟ್ಟೆ ಇಸ್ಪೀಟಿನ ಎಲೆಗಳ ಹಾಗೆ ಕಾಲುವೆಗೆ ಜಾರಿತು.

ಸದ್ದು ದೊಡ್ಡದಾಗಿರಲಿಲ್ಲ. ಧೂಳು ಎದ್ದಿತು. ಹಸುವೊಂದು ಹಗ್ಗ ಕಿತ್ತುಕೊಳ್ಳಲು ನೋಡಿತು. ಕಾರು ಒಂದು ಮೂಲೆಗೆ ಕುಸಿದು, ಚಕ್ರವಿಲ್ಲದ ಬರೀ ಬ್ರೇಕ್ ಡ್ರಮ್ಮಿನ ಮೇಲೆ ನಿಂತಿತ್ತು. ಹೊರಗಿದ್ದ ಕಾಲುಗಳು ತುಳಿದಾಡಲಿಲ್ಲ.

"ಮೇಸ್ತ್ರೀ!" ಎಂದು ನೆಲಕ್ಕೆ ಬಿದ್ದು ಟಾರ್ಚ್ ಬಿಟ್ಟೆ. ಎದೆ ಕಾಲುವೆಯ ಗುಂಡಿಯೊಳಗೆ ಇಳಿದಿತ್ತು, ಅದರ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಚಾಸಿಸ್. ತೊಡೆಗೆ ಆ ಅದೃಷ್ಟವಿರಲಿಲ್ಲ. ಸ್ಪ್ರಿಂಗಿನ ಪಟ್ಟಿ ಅದರ ಮೇಲೆ ಕೂತಿತ್ತು. ಕಣ್ಣುಗಳು ತೆರೆದಿದ್ದವು.

"ಜೀವ ಐತೆ ತಂಬಿ," ಎಂದರು. "ಯಾರೂ ಅಲ್ಲಾಡಿಸ್ಬ್ಯಾಡಿ."

ಯಜಮಾನರು ಕಾರಿನಿಂದ ಹೇಗೆ ಇಳಿದರೋ ನೋಡಲಿಲ್ಲ. ಹೊರಗೆ ಟ್ರಾಕ್ಟರ್ ಸ್ಟಾರ್ಟ್ ಆಯಿತು. ಹಿಮ್ಮುಖವಾಗಿ ಬಾಗಿಲ ತನಕ ತಂದು, ಸರಪಳಿ ಹಿಡಿದು ಇಳಿದು ಹಿಂದಿನ ಬಂಪರಿಗೆ ಸಿಕ್ಕಿಸತೊಡಗಿದರು. ಮುಖ ಬೂದಿಯಾಗಿತ್ತು. "ಎಳ್ದಾಕ್ತೀನಿ! ಒಂದೇ ಎಳೆತ!"

ಎಳೆದರೆ ಕಾರು ಮೇಲೆ ಬರುವುದಿಲ್ಲ, ಹಿಂದಕ್ಕೆ ಬರುತ್ತದೆ. ತೊಡೆಯ ಮೇಲಿನ ಕಬ್ಬಿಣ ಮೊಣಕಾಲಿನವರೆಗೂ ಉಜ್ಜಿಕೊಂಡು ಬರುತ್ತದೆ. ಎದೆಯ ಮೇಲಿನದೂ ಕೆಳಗೆ ಕೂರಬಹುದು. ಹೇಳಿದೆ. ಅವರಿಗೆ ಕೇಳಿಸಲಿಲ್ಲ. ಟ್ರಾಕ್ಟರ್ ಹತ್ತಿ ಇಂಜಿನ್ ಆರಿಸಿ, ಕೀ ಕಿತ್ತುಕೊಂಡು ಹಿಂದಿನ ಹುಲ್ಲಿನ ಬಣವೆಯತ್ತ ಎಸೆದೆ. ಇಳಿಯುತ್ತಲೇ ಕಪಾಳಕ್ಕೆ ಬಿತ್ತು. ಕಿವಿಯೊಳಗೆ ಗುಂಯ್ ಎಂದಿತು.

"ಅವ್ನು ಸತ್ರೆ ನಿನ್ ತಲೆ ಮ್ಯಾಕೆ!"

ಕೆಳಗಿನಿಂದ ದನಿ ಬಂತು, ಗಟ್ಟಿಯಾಗಿಯೇ. "ತಂಬಿ, ಜಗಳ ಆಮ್ಯಾಕೆ. ಹಾರೆ ತಾ. ಚಪ್ಪಡಿ ಕಲ್ಲು ತಾ. ಇವ್ಳನ್ನ ದಿಮ್ಮಿ ಇಡಾಕೆ ಕೂರ್ಸು."

ಅಲ್ಲಿಂದ ಮುಂದೆ ಎಲ್ಲವನ್ನೂ ನಡೆಸಿದವರು ಮೇಸ್ತ್ರಿ, ಮಲಗಿದ ಕಡೆಯಿಂದಲೇ. ಒಂದು ಇಂಚು ಎತ್ತಬೇಕು, ಒಂದು ಇಂಚು ತುಂಬಬೇಕು, ತುಂಬದೆ ಎರಡನೆಯ ಇಂಚು ಎತ್ತಬಾರದು. ಬಂಡೆಯ ಕೆಳಗೆ ಸಿಕ್ಕಿದವನನ್ನು ತೆಗೆಯುವ ಕ್ರಮ ಇದು. ಚಪ್ಪಡಿ ಕಲ್ಲನ್ನು ಆಧಾರವಿಟ್ಟು, ಫುಟ್‌ಬೋರ್ಡಿನ ಕೆಳಗೆ ಹಾರೆ ತೂರಿಸಿದೆ. ಯಜಮಾನರು ಹಾರೆಯ ತುದಿ ಹಿಡಿದವರು ಥಟ್ಟನೆ ಕೈ ಬಿಟ್ಟರು.

"ಅಲ್ಲಿಕ್ಬ್ಯಾಡಿ ಸಾರ್, ಫುಟ್‌ಬೋರ್ಡ್ ಬಗ್ಗೋಗ್ತದೆ. ಬೇರೆ ಸಿಕ್ಕಾಕಿಲ್ಲ ಅದು."

ಈ ಮಾತನ್ನು ನಾನು ಕಟ್ಟಿಲ್ಲ. ನಾನೂ ಅಕ್ಕನೂ ಕೇಳಿದೆವು, ಕಾರಿನ ಕೆಳಗಿದ್ದವರೂ ಕೇಳಿದರು. ಅಕ್ಕ ಮೊಣಕಾಲೂರಿ ದಿಮ್ಮಿ ಹಿಡಿದು ಕೂತಿದ್ದವರು ತಲೆಯೆತ್ತಿ ತಮ್ಮನ ಮುಖ ನೋಡಿದರು. ಯಜಮಾನರು ಆ ನೋಟದಿಂದ ತಪ್ಪಿಸಿಕೊಂಡು, ಹಾರೆಯ ಮೇಲೆ ಬಿದ್ದರು. ಅವರ ಮೈಭಾರ ಇಲ್ಲದಿದ್ದರೆ ನನ್ನೊಬ್ಬನಿಂದ ಆ ಕಾರು ಕೂದಲೆಳೆಯಷ್ಟೂ ಏಳುತ್ತಿರಲಿಲ್ಲ. ಇದನ್ನೂ ಬರೆಯಬೇಕು. ಫುಟ್‌ಬೋರ್ಡ್ ಬಗ್ಗಿತು, ಅದರ ಹಿಂದಿನ ಚಾಸಿಸ್ ಹಾರೆಗೆ ಸಿಕ್ಕಿತು, ಕಾರು ಎದ್ದಿತು.

"ತುಂಬು," ಎಂದಿತು ಕೆಳಗಿನ ದನಿ. ಅಕ್ಕ ದಿಮ್ಮಿ ತಳ್ಳಿದರು. "ತಟ್ಟು. ಸದ್ದು ಕೇಳ್ಸು." ಕಲ್ಲಿನಿಂದ ತಟ್ಟಿದರು. "ಡೊಬ್ ಅಂತೈತೆ. ಬಿಡ್ಬ್ಯಾಡಿ. ಇನ್ನೊಂದು ಚಕ್ಕೆ ತುಂಬು." ತುಂಬಿದರು, ತಟ್ಟಿದರು. "ಹ್ಞೂ. ಈಗ ಬಿಡಿ." ಹಾರೆ ಬಿಟ್ಟೆವು. ದಿಮ್ಮಿ ಭಾರ ಹೊತ್ತುಕೊಂಡಿತು. ಮತ್ತೆ ಹಾರೆ. ಯಜಮಾನರು ಪ್ರತಿ ಸಲ ಒತ್ತುವಾಗಲೂ ಭಾವನನ್ನು ಬಯ್ಯುತ್ತಿದ್ದರು. ಸಾಯೋಕೆ ನನ್ ಮನೇನೇ ಬೇಕಿತ್ತಾ ನಿಂಗೆ, ಎಂದು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಬೆವರೋ ಅಲ್ಲವೋ ನನಗೆ ತಿಳಿಯಲಿಲ್ಲ.

ನಾಲ್ಕನೆಯ ಸಲ ಎತ್ತುವಾಗ ಮೇಸ್ತ್ರಿಯ ದನಿ ಕುಗ್ಗಿತು. ಐದನೆಯದಕ್ಕೆ "ತುಂಬು" ಎಂದು ಹೇಳಿದವರು ಅಕ್ಕ. ಆರನೆಯದಕ್ಕೆ ಜಾಕಿ ಇಡುವಷ್ಟು ಸಂದಿಯಾಯಿತು. ನಾನು ಜಾಕಿ ತಿರುಗಿಸಿದೆ, ಗೋಡೆಗೆ ಒರಗಿದ್ದ ಚಕ್ರವನ್ನು ಕಾರಿನ ಕೆಳಗೆ ತಳ್ಳಿದೆ. ಗೋಣಿಚೀಲದ ಎರಡು ತುದಿ ಹಿಡಿದು ಅವರನ್ನು ಹೊರಗೆ ಎಳೆದುಕೊಂಡೆವು. ತೊಡೆ ಬಾಗಬಾರದ ಕಡೆ ಬಾಗಿತ್ತು. ಹಾಲಿನ ಟೆಂಪೋದಿಂದ ಕ್ಯಾನುಗಳನ್ನು ಇಳಿಸಿ ಅದರಲ್ಲಿ ಮಲಗಿಸಿದೆವು.

ಕೆಜಿಎಫ್ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ತೊಡೆಮೂಳೆ ಎರಡು ಕಡೆ ಮುರಿದಿದೆ, ಜೀವಕ್ಕೆ ಅಪಾಯವಿಲ್ಲ, ಕೋಲಾರಕ್ಕೆ ಕಳಿಸುತ್ತೇವೆ ಎಂದರು. ಇಂಥ ಪೆಟ್ಟಾದರೆ ಪೊಲೀಸರಿಗೆ ತಿಳಿಸಬೇಕು. ಅರ್ಧ ಗಂಟೆಯಲ್ಲಿ ಒಬ್ಬ ಪೇದೆ ಬಂದು, ಸ್ಟ್ರೆಚರಿನ ಪಕ್ಕ ಸ್ಟೂಲು ಎಳೆದುಕೊಂಡು, ತನ್ನ ತೊಡೆಯ ಮೇಲೆ ರಟ್ಟು ಇಟ್ಟು ಹಾಳೆ ಸಿಕ್ಕಿಸಿದ. ಒಳ್ಳೆಯ ಮನುಷ್ಯ. ಅವಸರ ಮಾಡಲಿಲ್ಲ.

"ಹೆಂಗಾಯ್ತು ಹೇಳ್ರಪ್ಪ. ಕಣ್ಣಾರೆ ಕಂಡೋರು ಯಾರು?"

"ನಾನು," ಎಂದೆ. "ಇವರು ಕೆಳಗಿದ್ದರು. ಯಜಮಾನರು ಕಾರಿನೊಳಗೆ ಕೂತು ಬೇಕಂತಲೇ ಅಲ್ಲಾಡಿಸಿದರು."

ಯಜಮಾನರು ಗೋಡೆಯ ಕಡೆ ತಿರುಗಿದ್ದರು. ಪೇದೆ ಪೆನ್ನು ಎತ್ತಿದ. ಸ್ಟ್ರೆಚರಿನಿಂದ ಮೇಸ್ತ್ರಿ ಕೈ ಚಾಚಿ ಅವನ ಹಾಳೆಯ ಮೇಲೆ ಇಟ್ಟರು.

"ಬರೀಬ್ಯಾಡಿ ಸಾರ್. ತಂಬಿ ಎದ್ರ್ಕೊಂಡವ್ನೆ, ಏನೇನೋ ಏಳ್ತಾವ್ನೆ. ಯಾರೂ ಅಲ್ಲಾಡಿಸ್ಲಿಲ್ಲ. ಕಟ್ಟೆ ನಂದು. ನಾನೇ ಸರ್ಯಾಗಿ ಕಟ್ಲಿಲ್ಲ."

"ನೀವೇನ್ ಕೆಲ್ಸ ಮಾಡ್ಕೊಂಡಿದ್ರಿ?"

"ಕೂಲಿ ಸಾರ್. ದಿಮ್ಮಿ ಕೆಲ್ಸ ನಂಗೆ ಬರಾಕಿಲ್ಲ. ಗೊತ್ತಿಲ್ದೆ ಕಟ್ಟಿದೆ."

ಪೇದೆ ನನ್ನ ಮುಖ ನೋಡಿದ, ಅವರ ಮುಖ ನೋಡಿದ. ಬರೆದುಕೊಂಡ. ಓದಿ ಹೇಳಿದ. ಮೇಸ್ತ್ರಿ ಸಹಿ ಹಾಕಿದರು. ಸಾಕ್ಷಿಯ ಜಾಗಕ್ಕೆ ಬೆರಳಿಟ್ಟು ಹಾಳೆಯನ್ನು ನನ್ನ ಕಡೆ ತಿರುಗಿಸಿದ. ನಾನು ಪೆನ್ನು ತೆಗೆದುಕೊಳ್ಳಲಿಲ್ಲ.

ಅಕ್ಕ ಬಂದು ನನ್ನ ಪಕ್ಕ ನಿಂತರು. ಕೈತುಂಬ ದಿಮ್ಮಿಯ ಸೀಳು ಚುಚ್ಚಿ ರಕ್ತ ಒಣಗಿತ್ತು. ತಮ್ಮನಿಗೆ ಕೇಳದ ಹಾಗೆ, ಮೆಲ್ಲಗೆ ಹೇಳಿದರು.

"ನೀವು ಬಂಗಾರಪೇಟೆಗೆ ಓಗ್ತೀರ ಸಾರ್. ನಾವು ಇವ್ನ ಮನೆಗೇ ಓಗ್ಬೇಕು."

ನಾನು ಸಹಿ ಹಾಕಿದೆ.